ವೇಬರ್ನ್ ಆಸ್ಪತ್ರೆ, ಎಲ್‌ಎಸ್‌ಡಿ ಮತ್ತು ಕುಡಿತ ಬಿಟ್ಟವರು: ಒಂದು ಪ್ರಕರಣ ಅಧ್ಯಯನ

1953ರಲ್ಲಿ ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ವೇಬರ್ನ್ ಊರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಇಬ್ಬರು ರೋಗಿಗಳಿಗೆ ತಲಾ 200 ಮೈಕ್ರೋಗ್ರಾಂ ಎಲ್‌ಎಸ್‌ಡಿ ಎಂಬ, ಕಾಣುವ ಲೋಕವನ್ನೇ ಬದಲಿಸಿಬಿಡುವ ಔಷಧ ಕೊಟ್ಟರು. ಒಬ್ಬರು ಗಂಡಸು, ಒಬ್ಬರು ಹೆಂಗಸು. ಇಬ್ಬರೂ ಕುಡಿತ ಬಿಡಲಾಗದೆ ಸೋತವರು. ಅವರಲ್ಲಿ ಒಬ್ಬರು ಆಮೇಲೆ ಕುಡಿಯುವುದನ್ನೇ ನಿಲ್ಲಿಸಿದರು. ಇನ್ನೊಬ್ಬರು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೂ ಕುಡಿಯುತ್ತಿದ್ದರು, ಸುಮಾರು ಆರು ತಿಂಗಳ ನಂತರ ಬಿಟ್ಟರು. ಇಬ್ಬರ ಕಥೆಯಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ 1960ರ ದಶಕದ ನಡುವಿನ ಹೊತ್ತಿಗೆ ಅದೇ ಪ್ರಾಂತ್ಯದಲ್ಲಿ ಸುಮಾರು 700 ಜನರಿಗೆ ಈ ಚಿಕಿತ್ಸೆ ಸಿಕ್ಕಿತ್ತು. ಅದೂ ಕದ್ದುಮುಚ್ಚಿ ಅಲ್ಲ. ಸರ್ಕಾರದ ದುಡ್ಡಿನಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ.

ಎಲ್‌ಎಸ್‌ಡಿಯಂಥ ಔಷಧಗಳನ್ನು ಸೈಕೆಡೆಲಿಕ್ ಅನ್ನುತ್ತಾರೆ. ಮನೋವೈದ್ಯಕೀಯದಲ್ಲಿ ಅವುಗಳ ಇತಿಹಾಸ ಹೇಳುವವರು ಸಾಮಾನ್ಯವಾಗಿ ಸ್ವಿಟ್ಜರ್ಲೆಂಡಿನ ಪ್ರಯೋಗಾಲಯದಿಂದ ನೇರ ಅಮೆರಿಕದ ಹಿಪ್ಪಿಗಳಿಗೆ ಜಿಗಿದುಬಿಡುತ್ತಾರೆ. ನಡುವೆ ಇದ್ದ ಈ ಸಸ್ಕಾಚೆವನ್ ಭಾಗವೇ ನನಗೆ ಅತಿ ಮುಖ್ಯ ಅನ್ನಿಸುವುದು. ಯಾಕಂದ್ರೆ ಇವತ್ತು ಈ ಔಷಧಗಳ ಬಗ್ಗೆ ವೈದ್ಯರು ಮಾಡುತ್ತಿರುವ ಜಗಳ ಆಗಲೇ ಅಲ್ಲಿ ಪೂರ್ತಿಯಾಗಿ ನಡೆದುಹೋಗಿತ್ತು. ಇತ್ಯರ್ಥ ಮಾತ್ರ ಆಗಲಿಲ್ಲ.

ಆ ಊರು, ಆ ಆಸ್ಪತ್ರೆ

ವೇಬರ್ನ್ ಗೋಧಿ ಬೆಳೆಯುವ ಬಯಲುಸೀಮೆಯ ಸಣ್ಣ ಊರು. ಅಲ್ಲಿನ ಮಾನಸಿಕ ಆಸ್ಪತ್ರೆ 1921ರಲ್ಲಿ ಶುರುವಾಯಿತು. ದೊಡ್ಡ ಕಟ್ಟಡ, ಉದ್ದುದ್ದ ಕಾರಿಡಾರ್‌ಗಳು. 1940ರ ದಶಕದ ಹೊತ್ತಿಗೆ ಅದರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ರೋಗಿಗಳನ್ನು ತುಂಬಿದ್ದರು. ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು. ಆಗ ಮನೋವೈದ್ಯರ ಕೈಯಲ್ಲಿ ಇದ್ದದ್ದಾದರೂ ಏನು? ಕರೆಂಟ್ ಶಾಕ್, ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಮಿದುಳಿನ ಶಸ್ತ್ರಚಿಕಿತ್ಸೆ. ಸ್ಕಿಜೋಫ್ರೇನಿಯಾಗೆ (ಇಲ್ಲದ್ದು ಕಾಣಿಸುವ, ಕೇಳಿಸುವ ಮಾನಸಿಕ ಕಾಯಿಲೆಗೆ) ಕೊಡುವ ಕ್ಲೋರ್‌ಪ್ರೊಮಜೀನ್ ಮಾತ್ರೆ ಇನ್ನೂ ಬಂದಿರಲಿಲ್ಲ. ಕುಡಿತಕ್ಕೆ ಅಂತ ಇದ್ದದ್ದು ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು, ಮತ್ತು ಕುಡಿದರೆ ವಾಂತಿ ಬರಿಸುವ ಡೈಸಲ್ಫಿರಾಂ ಮಾತ್ರೆ. ಅಷ್ಟೇ.

ಪ್ರಾಂತ್ಯದ ಮುಖ್ಯಸ್ಥ ಟಾಮಿ ಡಗ್ಲಸ್. ಮುಂದೆ 1962ರಲ್ಲಿ ಉತ್ತರ ಅಮೆರಿಕದಲ್ಲೇ ಮೊದಲ ಸಾರ್ವತ್ರಿಕ ಸರ್ಕಾರಿ ವೈದ್ಯವಿಮೆ ಈ ಪ್ರಾಂತ್ಯದಲ್ಲಿ ಬಂತಲ್ಲ, ಅದಕ್ಕೆ ಕಾರಣರಾದವರು. ರಾಜಕೀಯಕ್ಕೆ ಬರುವ ಮೊದಲು ಅವರು ಇದೇ ವೇಬರ್ನ್‌ನಲ್ಲಿ ಚರ್ಚಿನ ಪಾದ್ರಿ. ಹೊಸದನ್ನು ಮಾಡಿ ನೋಡುವ ಡಾಕ್ಟರುಗಳನ್ನು ಅವರ ಸರ್ಕಾರ ಹುಡುಕಿ ಕರೆಸುತ್ತಿತ್ತು. ಹಾಗೆ 1951ರಲ್ಲಿ ಲಂಡನ್ನಿನಿಂದ ಹಂಫ್ರಿ ಓಸ್ಮಂಡ್ ಬಂದರು. ರಾಜಧಾನಿ ರೆಜೈನಾದಲ್ಲಿ ಏಬ್ರಮ್ ಹಾಫರ್ ಇದ್ದರು. ಹಾಫರ್ ಅದೇ ಪ್ರಾಂತ್ಯದ ಹೊಲಮನೆಯಲ್ಲಿ ಹುಟ್ಟಿ ಬೆಳೆದವರು, ಮೊದಲು ಕೃಷಿ ರಸಾಯನಶಾಸ್ತ್ರ ಓದಿ ಆಮೇಲೆ ಡಾಕ್ಟರಾದವರು. 1950ರಿಂದ ಪ್ರಾಂತ್ಯದ ಮನೋವೈದ್ಯಕೀಯ ಸಂಶೋಧನೆ ಅವರ ಕೈಯಲ್ಲಿತ್ತು.

ಇವರಿಬ್ಬರಿಗೂ ಮೊದಲು ಕುಡಿತದ ಯೋಚನೆಯೇ ಇರಲಿಲ್ಲ. ಓಸ್ಮಂಡ್ ಲಂಡನ್ನಿನಲ್ಲಿದ್ದಾಗ ಸಹೋದ್ಯೋಗಿ ಜಾನ್ ಸ್ಮಿದೀಸ್ ಜೊತೆ ಸೇರಿ ಪೆಯೋಟಿ ಕಳ್ಳಿಯಿಂದ ಬರುವ ಮೆಸ್ಕಲೈನ್ ಬಗ್ಗೆ ಓದಿ, ತಾವೇ ತಗೊಂಡೂ ನೋಡಿದ್ದರು. ಅದರ ಅನುಭವ ಸ್ಕಿಜೋಫ್ರೇನಿಯಾ ರೋಗಿಗಳು ಹೇಳುವುದಕ್ಕೆ ಹತ್ತಿರ ಇದೆ ಅನ್ನಿಸಿತು. ಹಾಗಾದರೆ ಸ್ಕಿಜೋಫ್ರೇನಿಯಾದಲ್ಲಿ ದೇಹವೇ ಇಂಥದ್ದೊಂದು ವಸ್ತು ತಯಾರಿಸುತ್ತಿರಬಹುದಾ ಅನ್ನೋದು ಅವರ ಪ್ರಶ್ನೆ. ಅಡ್ರಿನಲಿನ್ ಕೆಟ್ಟು ಆಗುವ ಅಡ್ರಿನೊಕ್ರೋಮ್ ಮೇಲೆ ಅನುಮಾನಪಟ್ಟರು. ಈ ಊಹೆ ಕೊನೆಗೆ ನಿಲ್ಲಲಿಲ್ಲ. ಆದರೆ ಅದರಿಂದ ಒಂದು ಒಳ್ಳೆಯ ಅಭ್ಯಾಸ ಉಳಿಯಿತು. ರೋಗಿಗೆ ಕೊಡುವ ಮೊದಲು ಡಾಕ್ಟರು, ನರ್ಸುಗಳು ತಾವೇ ಒಮ್ಮೆ ಆ ಅನುಭವಕ್ಕೆ ಒಳಗಾಗುತ್ತಿದ್ದರು. ವಾರ್ಡಿನಲ್ಲಿ ನರಳುವವರ ಲೋಕ ಎಂಥದ್ದು ಅಂತ ಒಂದಿಷ್ಟಾದರೂ ಗೊತ್ತಾಗಲಿ ಅಂತ.

ಎಲ್‌ಎಸ್‌ಡಿ ಬಂದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸ್ಯಾಂಡೋಜ್ ಕಂಪನಿಯಿಂದ. ರೈ ಧಾನ್ಯದ ತೆನೆಗೆ ಹತ್ತುವ ಎರ್ಗಾಟ್ ಎಂಬ ಶಿಲೀಂಧ್ರದ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಅದನ್ನು ತಯಾರಿಸಿದ್ದರು. ಅದರ ಪರಿಣಾಮ ಗೊತ್ತಾದದ್ದು 1943ರ ಏಪ್ರಿಲ್‌ನಲ್ಲಿ, ಮೊದಲು ಅಚಾನಕ್ಕಾಗಿ ಮೈಗೆ ಸೇರಿದಾಗ, ಮೂರು ದಿನದ ಮೇಲೆ ಅವರೇ ಬೇಕೆಂದು 250 ಮೈಕ್ರೋಗ್ರಾಂ ತಗೊಂಡಾಗ. 1947ರಿಂದ ಕಂಪನಿ ಅದನ್ನು ಡೆಲಿಸಿಡ್ ಅನ್ನೋ ಹೆಸರಲ್ಲಿ ಸಂಶೋಧಕರಿಗೆ ಕೊಡುತ್ತಿತ್ತು. ಮೆಸ್ಕಲೈನ್ ನೂರಾರು ಮಿಲಿಗ್ರಾಂ ಬೇಕಾದ ಕಡೆ ಇದು ಒಂದು ಮಿಲಿಗ್ರಾಮಿನ ಐದನೇ ಒಂದು ಭಾಗ ಸಾಕಾಗುತ್ತಿತ್ತು.

ಹೆದರಿಸುವುದಕ್ಕೆ ಶುರು ಮಾಡಿದ ಚಿಕಿತ್ಸೆ

ಕುಡಿತಕ್ಕೆ ಎಲ್‌ಎಸ್‌ಡಿ ಕೊಡುವ ಯೋಚನೆ ಹುಟ್ಟಿದ್ದು 1953ರಲ್ಲಿ, ಒಟ್ಟಾವಾದ ಒಂದು ಹೋಟೆಲ್ ಕೋಣೆಯಲ್ಲಿ ಇವರಿಬ್ಬರೂ ರಾತ್ರಿ ಮಾತಾಡುತ್ತಾ ಕೂತಾಗ. ಆ ಯೋಚನೆ ಸಾಕಷ್ಟು ಕಠೋರವಾದದ್ದು.

ಬಹಳ ಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ಡಿಲಿರಿಯಂ ಟ್ರೆಮೆನ್ಸ್ ಬರುತ್ತದೆ. ಕೈಕಾಲು ನಡುಕ, ಜ್ವರ, ಬೆವರು, ಗೋಡೆ ಮೇಲೆ ಹುಳು ಹರಿದಂತೆ ಕಾಣುವುದು, ಯಾರೋ ಕೊಲ್ಲಲು ಬಂದಂತೆ ಅನ್ನಿಸುವುದು. ಆಗಿನ ಕಾಲಕ್ಕೆ ಅದರಲ್ಲಿ ಸಾಯುವವರು ಕಡಿಮೆ ಇರಲಿಲ್ಲ. ಆದರೆ ಬದುಕಿ ಬಂದವರಲ್ಲಿ ಕೆಲವರು ಆಮೇಲೆ ಕುಡಿತ ಮುಟ್ಟುತ್ತಿರಲಿಲ್ಲ. ಪಾತಾಳ ಕಂಡು ಬಂದವನೇ ಮೇಲೇಳೋದು ಅನ್ನೋ ನಂಬಿಕೆ ಆಲ್ಕೋಹಾಲಿಕ್ಸ್ ಅನಾನಿಮಸ್‌ನವರಲ್ಲೂ ಇತ್ತು. ಹಾಗಾದರೆ ಸಾವಿನ ಅಪಾಯ ಇಲ್ಲದೆ ಆ ಪಾತಾಳವನ್ನು ಔಷಧದಿಂದಲೇ ತೋರಿಸಿಬಿಟ್ಟರೆ? ಅವರ ಲೆಕ್ಕ ಇದು. ಹೆದರಿಸಿ ಬಿಡಿಸುವುದು.

ಕೊಟ್ಟು ನೋಡಿದಾಗ ಆದದ್ದು ಬೇರೆ. ಸುಧಾರಿಸಿದವರು ತಾವು ಹೆದರಿ ಬಿಟ್ಟೆವು ಅನ್ನಲಿಲ್ಲ. ತಮ್ಮ ಬದುಕನ್ನು ಹೊರಗೆ ನಿಂತು ನೋಡಿದ ಹಾಗಾಯಿತು, ಹೆಂಡತಿ ಮಕ್ಕಳಿಗೆ ತಾನು ಏನು ಮಾಡಿದೆ ಅಂತ ಕಾಣಿಸಿತು, ದೇವರ ಹತ್ತಿರ ಇದ್ದಂತೆ ಅನ್ನಿಸಿತು, ಇಂಥ ಮಾತುಗಳೇ ಮತ್ತೆ ಮತ್ತೆ ಬಂದವು. ಹೆದರಿಕೊಂಡವರಿಗೆ ಅಷ್ಟೇನೂ ಲಾಭ ಆಗುತ್ತಿರಲಿಲ್ಲ. ಓಸ್ಮಂಡ್ ಮತ್ತು ಹಾಫರ್ ಇಲ್ಲಿ ಮಾಡಿದ ಕೆಲಸ ನನಗೆ ತುಂಬಾ ದೊಡ್ಡದು ಅನ್ನಿಸುತ್ತದೆ. ತಮ್ಮ ಊಹೆಗೆ ಅಂಟಿಕೊಳ್ಳದೆ, ರೋಗಿಗಳು ಹೇಳಿದ್ದನ್ನು ಕೇಳಿ ಚಿಕಿತ್ಸೆಯನ್ನೇ ತಿರುಗಿಸಿದರು. ಹೆದರಿಸುವುದು ಬಿಟ್ಟು, ಹೆದರದಂತೆ ನೋಡಿಕೊಳ್ಳುವುದು ಹೇಗೆ ಅಂತ ಯೋಚಿಸಿದರು. ಸೈಕೆಡೆಲಿಕ್ ಅನ್ನೋ ಹೆಸರನ್ನು 1956ರಲ್ಲಿ ಓಸ್ಮಂಡ್ ಕಟ್ಟಿದ್ದೂ, 1957ರಲ್ಲಿ ನ್ಯೂಯಾರ್ಕಿನ ಒಂದು ವಿಜ್ಞಾನ ಸಭೆಯ ಮುಂದಿಟ್ಟದ್ದೂ ಈ ಬದಲಾವಣೆಯ ಬೆನ್ನಲ್ಲೇ. ಹುಚ್ಚು ಹಿಡಿಸುವ ಔಷಧ ಅಂತ ಆಗ ಬಳಕೆಯಲ್ಲಿದ್ದ ಹೆಸರು ಅವರಿಗೆ ಸಾಕಾಗಿತ್ತು.

ಚಿಕಿತ್ಸೆಯ ದಿನ

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ. ಮುಂದಿನ ಜಗಳವೆಲ್ಲ ನಿಂತಿರುವುದು ಈ ಒಂದು ದಿನದ ಮೇಲೆ.

ರೋಗಿ ಮೊದಲು ಆಸ್ಪತ್ರೆಗೆ ಸೇರುತ್ತಿದ್ದರು. ಮೈಯಲ್ಲಿರುವ ಮದ್ಯದ ಅಂಶ ಪೂರ್ತಿ ಇಳಿಯಬೇಕು. ಕೆಲವು ವಾರ ಮಾತುಕತೆ, ಗುಂಪಿನಲ್ಲಿ ಕೂತು ಚರ್ಚೆ, ಆಲ್ಕೋಹಾಲಿಕ್ಸ್ ಅನಾನಿಮಸ್ ಪರಿಚಯ. ಎಲ್‌ಎಸ್‌ಡಿ ದಿನ ಬರುವುದು ಆಮೇಲೆ. ಮುಂದೆ ಏನಾಗಬಹುದು ಅಂತ ಮೊದಲೇ ವಿವರಿಸುತ್ತಿದ್ದರು. ಆ ದಿನ ರೋಗಿಗೆ ವಾರ್ಡಿನ ಗದ್ದಲದಿಂದ ದೂರ ಒಂದು ಕೋಣೆ. ಮಲಗಲು ಮಂಚ, ಗ್ರಾಮಫೋನು, ಮನೆಯವರ ಫೋಟೋ, ಹೂವು. ಪಕ್ಕದಲ್ಲಿ ಒಬ್ಬರು ಡಾಕ್ಟರೋ ನರ್ಸೋ, ತಾವೂ ಹಿಂದೆ ಒಮ್ಮೆ ಔಷಧ ತಗೊಂಡು ಅನುಭವ ಇದ್ದವರು, ಎಂಟು ಹತ್ತು ಗಂಟೆ ಎದ್ದುಹೋಗದೆ ಕೂತಿರಬೇಕು. ರೋಗಿ ಅತ್ತರೆ ಅಳಲು ಬಿಡುವುದು, ಕೈ ಚಾಚಿದರೆ ಕೈ ಹಿಡಿಯುವುದು, ಮಾತಾಡದಿದ್ದರೆ ತಾವೂ ಸುಮ್ಮನಿರುವುದು. ಮುಗಿದ ಮೇಲೆ ಕಂಡದ್ದನ್ನು ರೋಗಿಯೇ ತನ್ನ ಮಾತಲ್ಲಿ ಬರೆದುಕೊಡಬೇಕು. ಆ ಬರಹಗಳು ಕಡತಗಳಲ್ಲಿ ಉಳಿದಿವೆ.

ಈ ಪದ್ಧತಿಯನ್ನು ಒಬ್ಬರೇ ಕಂಡುಹಿಡಿದದ್ದಲ್ಲ. ಸಂಗೀತ, ಚಿತ್ರ, ಹೂವಿನ ವ್ಯವಸ್ಥೆಯನ್ನು ವ್ಯಾಂಕೂವರ್ ಕಡೆಯ ಆಲ್ ಹಬಾರ್ಡ್ ತೋರಿಸಿಕೊಟ್ಟರು. ಅವರು ಡಾಕ್ಟರಲ್ಲ, ಉದ್ಯಮಿ. ಮನಶ್ಶಾಸ್ತ್ರಜ್ಞ ಡಂಕನ್ ಬ್ಲೂಯೆಟ್ ಮತ್ತು ಡಾಕ್ಟರ್ ನಿಕೊಲಸ್ ಚ್ವೆಲೋಸ್ ಸೇರಿ 1959ರಲ್ಲಿ ಈ ಚಿಕಿತ್ಸೆ ಮಾಡುವವರಿಗೆ ಒಂದು ಕೈಪಿಡಿಯನ್ನೇ ಬರೆದರು. 1956ರ ಅಕ್ಟೋಬರ್‌ನಲ್ಲಿ ಓಸ್ಮಂಡ್, ಹಾಫರ್, ಬ್ಲೂಯೆಟ್ ಮೊದಲಾದವರು ನಾರ್ತ್ ಬ್ಯಾಟಲ್‌ಫರ್ಡ್ ಹತ್ತಿರ ಮೂಲನಿವಾಸಿಗಳ ನೇಟಿವ್ ಅಮೆರಿಕನ್ ಚರ್ಚಿನ ಪೆಯೋಟಿ ಪೂಜೆಗೆ ಹೋಗಿದ್ದರು. ಸರ್ಕಾರ ಆ ಪೂಜೆಯನ್ನು ಅನುಮಾನದಿಂದ ನೋಡುತ್ತಿದ್ದ ಕಾಲ. ಬಂದು ನೀವೇ ನೋಡಿ ಅಂತ ಆ ಚರ್ಚಿನವರೇ ಡಾಕ್ಟರುಗಳನ್ನು ಕರೆದಿದ್ದರು. ಓಸ್ಮಂಡ್ ಅವರ ಜೊತೆ ಕೂತು ಪೆಯೋಟಿ ತಿಂದರು. ರಾತ್ರಿಯಿಡೀ ಡೇರೆಯೊಳಗೆ ಬೆಂಕಿ, ಡೋಲು, ಹಾಡು, ಪ್ರಾರ್ಥನೆ. ನಡೆಸಿಕೊಡುವ ಹಿರಿಯರು. ಡಾಕ್ಟರುಗಳು ಕೆಲವೇ ವರ್ಷಗಳಲ್ಲಿ ಕಲಿಯಲು ಹೊರಟದ್ದನ್ನು ಈ ಜನ ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದರು. ಇದನ್ನು ಈಗಿನ ಬರಹಗಳು ಒಂದು ಸಾಲಿನಲ್ಲಿ ದಾಟಿಸಿಬಿಡುವುದು ನನಗೆ ಬೇಸರದ ವಿಷಯ.

ಪಕ್ಕದಲ್ಲಿ ಕೂರುವವರ ಪೈಕಿ ಕೇ ಪಾರ್ಲಿ ಅನ್ನುವ ನರ್ಸ್ ಒಬ್ಬರಿದ್ದರು. ಅವರು ಮೊದಲು ವೇಬರ್ನ್‌ನಲ್ಲೇ ರೋಗಿಯಾಗಿದ್ದವರು, ಅವರ ತಂದೆ ಮತ್ತು ತಾತ ಕೂಡ ಅಲ್ಲಿದ್ದವರು. ಗುಣವಾದ ಮೇಲೆ ಮನೋವೈದ್ಯಕೀಯ ನರ್ಸಿಂಗ್ ಕಲಿತು ಕೆಲಸಕ್ಕೆ ಸೇರಿದರು. ಎಲ್‌ಎಸ್‌ಡಿ ದಿನ ರೋಗಿಗೆ ಆಸರೆಯಾಗುವುದು ಹೇಗೆ ಅಂತ 1964ರಲ್ಲಿ ಅಮೆರಿಕದ ನರ್ಸಿಂಗ್ ಪತ್ರಿಕೆಯೊಂದಕ್ಕೆ ಲೇಖನ ಬರೆದರು. ಇಡೀ ಪ್ರಕರಣದಲ್ಲಿ ಔಷಧದ ರಸಾಯನಶಾಸ್ತ್ರ ಬರೆದವರು ಬೇಕಾದಷ್ಟು ಜನ. ಹತ್ತು ಗಂಟೆ ಕೂರುವ ಕೆಲಸದ ಬಗ್ಗೆ ಬರೆದವರು ತೀರಾ ಕಡಿಮೆ.

ಆಸ್ಪತ್ರೆಯ ಕಟ್ಟಡಕ್ಕೂ ಇದರ ಪಾಲು ಬಂತು. ರೆಜೈನಾದ ವಾಸ್ತುಶಿಲ್ಪಿ ಕಿಯೋ ಇಜುಮಿ ಸ್ವತಃ ಎಲ್‌ಎಸ್‌ಡಿ ತಗೊಂಡು ವೇಬರ್ನ್ ವಾರ್ಡುಗಳಲ್ಲಿ ಓಡಾಡಿದರು. ಕೊನೆಯೇ ಇಲ್ಲದಂಥ ಕಾರಿಡಾರು, ಗೋಡೆಯೊಳಗಿನ ಕತ್ತಲ ಕಪಾಟು, ಕೂತರೆ ಕಾಲು ನೆಲಕ್ಕೆ ತಾಗದಷ್ಟು ಎತ್ತರದ ಮಂಚ. ಗಟ್ಟಿ ಮನಸ್ಸಿನವರಿಗೆ ಏನೂ ಅನ್ನಿಸದ ಈ ವಸ್ತುಗಳು ರೋಗಿಯನ್ನು ಎಷ್ಟು ಹೆದರಿಸುತ್ತವೆ ಅಂತ ಅವರಿಗೆ ಆಗ ಗೊತ್ತಾಯಿತು. ಆಮೇಲೆ ಅವರು ಯಾರ್ಕ್‌ಟನ್‌ನಲ್ಲಿ ವಿನ್ಯಾಸ ಮಾಡಿದ ಹೊಸ ಮಾನಸಿಕ ಆಸ್ಪತ್ರೆಯಲ್ಲಿ ಈ ಉದ್ದ ಕಾರಿಡಾರುಗಳನ್ನು ಬಿಟ್ಟು, ಸಣ್ಣ ಸಣ್ಣ ಕಟ್ಟಡಗಳನ್ನು ಜೋಡಿಸಿದರು.

ಲೆಕ್ಕ ಎಷ್ಟು ಗಟ್ಟಿ?

1958ರಲ್ಲಿ ಕಾಲಿನ್ ಸ್ಮಿತ್ ಎಂಬ ಮನೋವೈದ್ಯರು ಸಸ್ಕಾಟೂನ್‌ನ ಯೂನಿವರ್ಸಿಟಿ ಆಸ್ಪತ್ರೆಯ 24 ರೋಗಿಗಳ ವರದಿ ಕೊಟ್ಟರು. ಎಲ್ಲರೂ ಬಹಳ ಕಷ್ಟದ ಪ್ರಕರಣಗಳು. ಆರು ಜನ ತುಂಬಾ ಸುಧಾರಿಸಿದ್ದರು, ಆರು ಜನ ಸ್ವಲ್ಪ ಸುಧಾರಿಸಿದ್ದರು, 12 ಜನ ಇದ್ದ ಹಾಗೇ ಇದ್ದರು. ಅಂದರೆ ಅರ್ಧಕ್ಕರ್ಧ. ಮುಂದೆ ಹಾಫರ್ ಎಲ್ಲಾ ಕಡೆ ಹೇಳುತ್ತಿದ್ದ ಲೆಕ್ಕವೂ ಹೆಚ್ಚುಕಡಿಮೆ ಇದೇ.

1962ರಲ್ಲಿ ವೇಬರ್ನ್‌ನ ಸ್ವೆನ್ ಜೆನ್‌ಸನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಎಲ್‌ಎಸ್‌ಡಿ ಸಿಕ್ಕವರು, ಗುಂಪು ಚಿಕಿತ್ಸೆ ಮಾತ್ರ ಸಿಕ್ಕವರು, ಬೇರೆ ಡಾಕ್ಟರುಗಳ ಮಾಮೂಲಿ ಚಿಕಿತ್ಸೆ ಸಿಕ್ಕವರು, ಹೀಗೆ ಮೂರು ಗುಂಪು ಹೋಲಿಸಿದರು. ಎಲ್‌ಎಸ್‌ಡಿ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕುಡಿತ ಬಿಟ್ಟಿದ್ದರು. ಉಳಿದೆರಡರಲ್ಲಿ ಅದರ ಹತ್ತಿರಕ್ಕೂ ಬರಲಿಲ್ಲ.

ಕೇಳಿದರೆ ಖುಷಿಯಾಗುತ್ತದೆ. ಆದರೆ ಇಲ್ಲಿ ದೊಡ್ಡ ತೂತುಗಳಿವೆ, ಮತ್ತು ಸಸ್ಕಾಚೆವನ್ ಬಗ್ಗೆ ಗೌರವ ಇರುವವರೇ ಮೊದಲು ಅದನ್ನು ಹೇಳಬೇಕು. ಯಾರಿಗೆ ಎಲ್‌ಎಸ್‌ಡಿ, ಯಾರಿಗೆ ಬೇಡ ಅನ್ನೋದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಪೂರ್ತಿ ಕಾರ್ಯಕ್ರಮ ಮುಗಿಸಿದವರಿಗೆ ಎಲ್‌ಎಸ್‌ಡಿ ಸಿಕ್ಕಿತು. ಅಷ್ಟು ದಿನ ನಿಂತವನು ಮೊದಲೇ ಕುಡಿತ ಬಿಡುವ ಮನಸ್ಸು ಮಾಡಿದ್ದವನಲ್ವಾ? ಹೋಲಿಕೆ ಗುಂಪುಗಳಲ್ಲಿ ಆಮೇಲೆ ಸಂಪರ್ಕವೇ ಸಿಗದವರು ಬಹಳ ಜನ. ಸುಧಾರಿಸಿದ್ದಾರೋ ಇಲ್ಲವೋ ಅಂತ ನೋಡಿದವರು ಚಿಕಿತ್ಸೆ ಕೊಟ್ಟವರೇ ಅಥವಾ ಅವರ ಜೊತೆಯವರೇ. ಅವರು ಸುಳ್ಳು ಹೇಳಿದರು ಅಂತಲ್ಲ. ತಮ್ಮ ಕೈಯಾರೆ ಹತ್ತು ಗಂಟೆ ಆರೈಕೆ ಮಾಡಿದ ರೋಗಿಯಲ್ಲಿ ಒಳ್ಳೆಯದನ್ನೇ ಕಾಣುವುದು ಮನುಷ್ಯ ಸಹಜ. ಅದಕ್ಕೇ ಹೋಲಿಕೆ ಪರೀಕ್ಷೆ ಬೇಕಾಗುವುದು.

ಹಾಫರ್, ಓಸ್ಮಂಡ್ ಅವರಿಗೆ ಇದು ಗೊತ್ತಿಲ್ಲದ ವಿಷಯ ಆಗಿರಲಿಲ್ಲ. ಇದೇ ಹಾಫರ್ 1952ರಲ್ಲೇ ನಯಾಸಿನ್ ವಿಟಮಿನ್ ಬಗ್ಗೆ, ರೋಗಿಗೂ ಡಾಕ್ಟರಿಗೂ ಯಾವ ಮಾತ್ರೆ ಅಂತ ಗೊತ್ತಿಲ್ಲದಂತೆ ಪರೀಕ್ಷೆ ಮಾಡಿದವರು. ಆದರೆ ಎಲ್‌ಎಸ್‌ಡಿಗೆ ಅದು ಆಗದು ಅಂತ ಅವರ ವಾದ. ಒಂದು ಗಂಟೆಯೊಳಗೆ ರೋಗಿಗೂ ಪಕ್ಕದವರಿಗೂ ಗೊತ್ತಾಗೇ ಆಗುತ್ತದೆ, ಮುಚ್ಚಿಡುವುದು ಹೇಗೆ? ಈ ಮಾತು ಸರಿ. ಆದರೆ ಚೀಟಿ ಎತ್ತಿ ಗುಂಪು ಮಾಡುವುದಕ್ಕೆ, ಹೊರಗಿನವರಿಂದ ಫಲಿತಾಂಶ ಅಳೆಸುವುದಕ್ಕೆ ಇದು ಅಡ್ಡಿ ಆಗುತ್ತಿರಲಿಲ್ಲ. ಅದನ್ನು ಅವರು ಮಾಡಲಿಲ್ಲ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಸಸ್ಕಾಚೆವನ್ ಕಡೆಯ ದೊಡ್ಡ ಸೋಲು ಇದು. 700 ಜನರನ್ನು ನೋಡಿಯೂ ಒಂದು ಗಟ್ಟಿ ಉತ್ತರ ಉಳಿಸಿಹೋಗಲಿಲ್ಲ.

ಟೊರಾಂಟೊ ಪರೀಕ್ಷೆ

ಆ ಕೆಲಸಕ್ಕೆ ಕೈಹಾಕಿದ್ದು ಟೊರಾಂಟೊದ ಅಡಿಕ್ಷನ್ ರಿಸರ್ಚ್ ಫೌಂಡೇಶನ್. ರೆಜಿನಾಲ್ಡ್ ಸ್ಮಾರ್ಟ್, ಥಾಮಸ್ ಸ್ಟಾರ್ಮ್ ಮತ್ತು ಜೊತೆಯವರ ವರದಿ 1966ರಲ್ಲಿ ಬಂತು. 30 ರೋಗಿಗಳು. ಹತ್ತು ಜನಕ್ಕೆ ಎಲ್‌ಎಸ್‌ಡಿ, ಹತ್ತು ಜನಕ್ಕೆ ಎಫೆಡ್ರಿನ್ ಎಂಬ ಉತ್ತೇಜಕ, ಹತ್ತು ಜನಕ್ಕೆ ಯಾವ ಔಷಧವೂ ಇಲ್ಲ. ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಎಲ್‌ಎಸ್‌ಡಿಯಿಂದ ಕುಡಿತ ಬಿಡುವುದಿಲ್ಲ ಅಂತ ತೀರ್ಮಾನ.

ಆದರೆ ಅಲ್ಲಿ ಔಷಧ ಕೊಟ್ಟದ್ದು ಹೇಗೆ? 800 ಮೈಕ್ರೋಗ್ರಾಂ, ಅಂದರೆ ವೇಬರ್ನ್‌ನ ಮೊದಲ ಇಬ್ಬರಿಗೆ ಕೊಟ್ಟದ್ದರ ನಾಲ್ಕು ಪಟ್ಟು. ರೋಗಿಯನ್ನು ಬೆಲ್ಟಿನಿಂದ ಹಾಸಿಗೆಗೆ ಕಟ್ಟಿ ಮಲಗಿಸಿದ್ದರು. ಸಂಗೀತ, ಹೂವು, ಮನೆಯವರ ಫೋಟೋ, ಕೈ ಹಿಡಿಯುವವರು, ಇದೆಲ್ಲ ಔಷಧದ ಭಾಗವಲ್ಲ, ಸೇರಿಸಿದರೆ ಫಲಿತಾಂಶ ಕಲಬೆರಕೆಯಾಗುತ್ತದೆ ಅನ್ನೋದು ಅವರ ನಿಲುವು. ಔಷಧ ಒಂದನ್ನೇ ಬೇರೆ ಮಾಡಿ ನೋಡಬೇಕಿತ್ತು. ಮಾತ್ರೆ ನುಂಗಿಸಿ ರಕ್ತದೊತ್ತಡ ಅಳೆಯುವ ಪರೀಕ್ಷೆಗೆ ಈ ತರ್ಕ ಪೂರ್ತಿ ಸರಿ.

ಇಲ್ಲಿ ನನ್ನ ಮಾತು ಹೇಳುತ್ತೇನೆ. ವೇಬರ್ನ್‌ನಲ್ಲಿ ಕೊಟ್ಟ ಚಿಕಿತ್ಸೆ ಮತ್ತು ಟೊರಾಂಟೊದಲ್ಲಿ ಪರೀಕ್ಷೆ ಮಾಡಿದ ಚಿಕಿತ್ಸೆ ಎರಡೂ ಒಂದೇ ಅಲ್ಲ. ಬಾಟಲಿ ಒಂದೇ, ಅಷ್ಟೇ. ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು, ಲೋಕವೇ ಕರಗುತ್ತಿರುವಂತೆ ಕಾಣುವ ಹೊತ್ತಿನಲ್ಲಿ ಮಲಗಿದ ಮನುಷ್ಯನ ಅನುಭವ ಯಾವ ಲೆಕ್ಕದಲ್ಲೂ ವೇಬರ್ನ್ ರೋಗಿಯ ಅನುಭವಕ್ಕೆ ಸಮ ಆಗಲಾರದು. 1953ರಲ್ಲೇ ಓಸ್ಮಂಡ್ ಹೆದರಿಕೆಯ ದಾರಿಯಿಂದ ಶುರು ಮಾಡಿ, ಅದು ಕೆಲಸ ಮಾಡೋಲ್ಲ ಅಂತ ಬಿಟ್ಟಿದ್ದರು. ಟೊರಾಂಟೊದವರು ಅಲ್ಲಿಗೇ ಹೋಗಿ ನಿಂತರು. ಇನ್ನೊಂದು ವಿಷಯ. ಗುಂಪಿಗೆ ಹತ್ತು ಜನ ಅಂದರೆ ಎಷ್ಟು ಕಡಿಮೆ! ಹತ್ತರಲ್ಲಿ ನಾಲ್ವರು ಸುಧಾರಿಸುವ ಕಡೆ ಆರು ಜನ ಸುಧಾರಿಸಿದರೂ ಅದನ್ನು ಆಕಸ್ಮಿಕ ಅಂತಲೇ ಬರೆಯಬೇಕಾಗುತ್ತದೆ. ಅಂಥ ಪರೀಕ್ಷೆಯಲ್ಲಿ ವ್ಯತ್ಯಾಸ ಸಿಗಲಿಲ್ಲ ಅಂದರೆ ವ್ಯತ್ಯಾಸ ಇಲ್ಲ ಅಂತ ಅರ್ಥವಲ್ಲ.

ಆದರೂ ಗೆದ್ದದ್ದು ಟೊರಾಂಟೊ. ಅವರ ಬಳಿ ಚೀಟಿ ಎತ್ತಿ ಮಾಡಿದ ಹೋಲಿಕೆ ಗುಂಪು ಇತ್ತು, ಸಸ್ಕಾಚೆವನ್ ಬಳಿ ಹೆಚ್ಚಾಗಿ ಇದ್ದದ್ದು ರೋಗಿಗಳ ಬರಹ ಮತ್ತು ಡಾಕ್ಟರುಗಳ ನಂಬಿಕೆ. ವೈದ್ಯಲೋಕ ಆಗ ಯಾವ ಕಡೆ ಹೊರಟಿತ್ತು ಅನ್ನೋದನ್ನೂ ನೋಡಬೇಕು. ಗರ್ಭಿಣಿಯರಿಗೆ ಕೊಟ್ಟ ಥಾಲಿಡೊಮೈಡ್ ಮಾತ್ರೆಯಿಂದ ಸಾವಿರಾರು ಮಕ್ಕಳು ಅಂಗವಿಕಲರಾಗಿ ಹುಟ್ಟಿದ ಸುದ್ದಿ 1961-62ರಲ್ಲಿ ಜಗತ್ತನ್ನೇ ನಡುಗಿಸಿತ್ತು. ಅಮೆರಿಕ 1962ರಲ್ಲಿ ಔಷಧ ಕಾನೂನು ಬಿಗಿ ಮಾಡಿತು. ಕೆನಡಾ ಅದೇ ವರ್ಷ ಥಾಲಿಡೊಮೈಡ್ ಜೊತೆಗೆ ಎಲ್‌ಎಸ್‌ಡಿ ಮಾರಾಟವನ್ನೂ ನಿರ್ಬಂಧಿಸಿ, ಸಂಶೋಧನೆಗೆ ಮಾತ್ರ ಬಿಟ್ಟಿತು. ಆ ಎಚ್ಚರಿಕೆಗೆ ಕಾರಣ ಇತ್ತು, ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ.

ಬಾಗಿಲು ಮುಚ್ಚಿದ್ದು

ಉಳಿದದ್ದು ಬೇಗ ಮುಗಿಯಿತು. ಎಲ್‌ಎಸ್‌ಡಿ ಆಸ್ಪತ್ರೆಯಿಂದ ಬೀದಿಗೆ ಬಂದಿತ್ತು. ಪತ್ರಿಕೆಗಳಲ್ಲಿ ದಿನಾ ಗಾಬರಿಯ ಸುದ್ದಿ. 1960ರ ದಶಕದ ನಡುವೆ ಸ್ಯಾಂಡೋಜ್ ಪೂರೈಕೆ ನಿಲ್ಲಿಸಿತು. 1966ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ನಿಷೇಧಿಸಿತು, 1970ರಲ್ಲಿ ಅಮೆರಿಕ ಅದನ್ನು ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು, 1971ರ ವಿಶ್ವಸಂಸ್ಥೆ ಒಪ್ಪಂದದಿಂದ ಬಹುತೇಕ ಜಗತ್ತಿನಲ್ಲಿ ಬಾಗಿಲು ಮುಚ್ಚಿತು. ಓಸ್ಮಂಡ್ ಅಷ್ಟರಲ್ಲಿ ವೇಬರ್ನ್ ಬಿಟ್ಟು ಹೋಗಿದ್ದರು, ಆಮೇಲೆ ಅಮೆರಿಕದಲ್ಲಿ ಕೆಲಸ ಮಾಡಿ 2004ರಲ್ಲಿ ತೀರಿಕೊಂಡರು. ಹಾಫರ್ ವಿಟಮಿನ್ ಚಿಕಿತ್ಸೆಯ ಕಡೆ ಹೋದರು. ಆ ಚಿಕಿತ್ಸೆಯನ್ನು ಮನೋವೈದ್ಯರ ಸಂಘಗಳು ಒಪ್ಪಲಿಲ್ಲ, ಅವರ ಎಲ್‌ಎಸ್‌ಡಿ ಕೆಲಸದ ಮೇಲಿನ ನಂಬಿಕೆಗೂ ಅದರಿಂದ ಪೆಟ್ಟು ಬಿತ್ತು. 2009ರಲ್ಲಿ ಅವರು ತೀರಿಕೊಂಡರು. ವೇಬರ್ನ್ ಆಸ್ಪತ್ರೆಯ ಕಟ್ಟಡ ಕೆಡವಿದ್ದೂ ಅದೇ ವರ್ಷ.

ಅದೇ ದೇಶದಲ್ಲಿ, ಅದೇ ಕಾಲದಲ್ಲಿ ನಡೆದ ಇನ್ನೊಂದನ್ನು ಇಲ್ಲಿ ಹೇಳಲೇಬೇಕು. ಮಾಂಟ್ರಿಯಲ್‌ನ ಅಲನ್ ಮೆಮೋರಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಯೂವನ್ ಕ್ಯಾಮರಾನ್ ಎಂಬ ಹೆಸರಾಂತ ಮನೋವೈದ್ಯರು ರೋಗಿಗಳಿಗೆ ಏನು ನಡೆಯುತ್ತಿದೆ ಅಂತ ತಿಳಿಸದೆ ಎಲ್‌ಎಸ್‌ಡಿ, ವಾರಗಟ್ಟಲೆ ನಿದ್ರೆ, ವಿಪರೀತ ಕರೆಂಟ್ ಶಾಕ್, ಒಂದೇ ಮಾತಿನ ಟೇಪನ್ನು ಸಾವಿರಾರು ಸಲ ಕೇಳಿಸುವುದು ಎಲ್ಲ ಮಾಡಿದರು. ಅದಕ್ಕೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ದುಡ್ಡೂ ಹರಿದಿತ್ತು. 1992ರಲ್ಲಿ ಕೆನಡಾ ಸರ್ಕಾರ 77 ಜನರಿಗೆ ತಲಾ ಒಂದು ಲಕ್ಷ ಡಾಲರ್ ಕೊಟ್ಟಿತು. ಬದುಕು ಹಾಳಾದವರಿಗೆ ಅದು ಯಾವ ಮೂಲೆಗೂ ಸಾಲದು. ಔಷಧ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳುವವರು ಈ ಎರಡು ಆಸ್ಪತ್ರೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಲಿ.

ಹಳೆಯ ಲೆಕ್ಕ ಮತ್ತೆ ತೆಗೆದಾಗ

2012ರಲ್ಲಿ ನಾರ್ವೆಯ ಇಬ್ಬರು ಸಂಶೋಧಕರು, ಟೆರಿ ಕ್ರೆಬ್ಸ್ ಮತ್ತು ಪೋಲ್ ಯೋಹಾನ್‌ಸೆನ್, 1966ರಿಂದ 1970ರ ನಡುವಿನ ಹಳೇ ಪರೀಕ್ಷೆಗಳನ್ನೆಲ್ಲ ಒಟ್ಟು ಮಾಡಿದರು. ಚೀಟಿ ಎತ್ತಿ ಗುಂಪು ಮಾಡಿದ್ದವನ್ನು ಮಾತ್ರ ಆರಿಸಿಕೊಂಡರು. ಅಂಥವು ಆರು ಸಿಕ್ಕವು, 536 ರೋಗಿಗಳು. ಟೊರಾಂಟೊದ್ದೂ ಅದರಲ್ಲಿತ್ತು. ಎಲ್‌ಎಸ್‌ಡಿ ಸಿಕ್ಕವರಲ್ಲಿ 59 ಶೇಕಡಾ ಸುಧಾರಿಸಿದ್ದರು, ಹೋಲಿಕೆ ಗುಂಪಿನಲ್ಲಿ 38 ಶೇಕಡಾ. ಒಂದೇ ಸಲ ಕೊಟ್ಟ ಔಷಧಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ. ಪರಿಣಾಮ ಆರು ತಿಂಗಳವರೆಗೆ ಕಾಣುತ್ತಿತ್ತು, ವರ್ಷದ ಹೊತ್ತಿಗೆ ಮಸುಕಾಗುತ್ತಿತ್ತು. ಅಂದರೆ ಹಾಫರ್ ಹೇಳಿದಷ್ಟು ದೊಡ್ಡದೂ ಅಲ್ಲ, ಟೊರಾಂಟೊ ಹೇಳಿದಂತೆ ಸೊನ್ನೆಯೂ ಅಲ್ಲ. ಬಿಡಿಬಿಡಿಯಾಗಿ ನೋಡಿದಾಗ ಸಣ್ಣ ಪರೀಕ್ಷೆಗಳಲ್ಲಿ ಮುಚ್ಚಿಹೋಗಿದ್ದದ್ದು ಒಟ್ಟುಗೂಡಿಸಿದಾಗ ಹೊರಗೆ ಬಂತು. ನಲವತ್ತು ವರ್ಷ ಯಾರೂ ಈ ಕೂಡುವ ಲೆಕ್ಕ ಮಾಡಿರಲಿಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟ ತರುವ ವಿಷಯ.

2022ರಲ್ಲಿ ನ್ಯೂಯಾರ್ಕ್ ಯೂನಿವರ್ಸಿಟಿಯ ಮೈಕೆಲ್ ಬೋಗನ್‌ಶುಟ್ಜ್ ತಂಡ ಸೈಲೋಸಿಬಿನ್ ಜೊತೆ ಇದೇ ಪ್ರಶ್ನೆ ಕೇಳಿತು. ಇದು ಕೆಲವು ಜಾತಿಯ ಅಣಬೆಗಳಲ್ಲಿರುವ ವಸ್ತು. ವಿಪರೀತ ಕುಡಿಯುವ 93 ಜನ, 12 ಸಲ ಮಾತುಕತೆಯ ಚಿಕಿತ್ಸೆ, ನಡುವೆ ಎರಡು ದಿನ ಔಷಧ. ಮಂಚ, ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ, ಪಕ್ಕದಲ್ಲಿ ಇಬ್ಬರು ಚಿಕಿತ್ಸಕರು. ವೇಬರ್ನ್‌ನವರು ನೋಡಿದ್ದರೆ ತಮ್ಮದೇ ಕೋಣೆ ಅಂದುಕೊಳ್ಳುತ್ತಿದ್ದರು. ಮುಂದಿನ 32 ವಾರಗಳಲ್ಲಿ ಸೈಲೋಸಿಬಿನ್ ಗುಂಪಿನವರು ವಿಪರೀತ ಕುಡಿದ ದಿನಗಳು 9.7 ಶೇಕಡಾ, ಅಲರ್ಜಿಗೆ ಕೊಡುವ ಡೈಫೆನ್‌ಹೈಡ್ರಮೀನ್ ಸಿಕ್ಕವರಲ್ಲಿ 23.6 ಶೇಕಡಾ. ಎರಡೂ ಗುಂಪಿಗೆ ಒಂದೇ ಆರೈಕೆ ಸಿಕ್ಕಿತ್ತು. ಸಸ್ಕಾಚೆವನ್ ಮಾಡದ್ದನ್ನೂ ಟೊರಾಂಟೊ ಮಾಡದ್ದನ್ನೂ ಇವರು ಮಾಡಿದರು. ಆರೈಕೆಯನ್ನು ಕಿತ್ತುಹಾಕದೆ ಇಬ್ಬರಿಗೂ ಕೊಟ್ಟು, ಆಮೇಲೆ ಔಷಧದ ವ್ಯತ್ಯಾಸ ನೋಡಿದರು.

ಹಾಗಂತ ಹಾಫರ್ ಎತ್ತಿದ ತೊಡಕು ತೀರಲಿಲ್ಲ. 90 ಶೇಕಡಾಕ್ಕೂ ಹೆಚ್ಚು ಜನ ತಮಗೆ ಸಿಕ್ಕಿದ್ದು ಯಾವುದು ಅಂತ ಸರಿಯಾಗಿ ಊಹಿಸಿದ್ದರು. ನಿಜವಾದ ಔಷಧ ಸಿಕ್ಕಿತು ಅನ್ನೋ ಭರವಸೆ, ಸಿಗಲಿಲ್ಲ ಅನ್ನೋ ನಿರಾಸೆ, ಇವು ಫಲಿತಾಂಶದಲ್ಲಿ ಎಷ್ಟು ಸೇರಿವೆ ಅಂತ ಬಿಡಿಸುವುದು ಹೇಗೆ? 2024ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಎಂಡಿಎಂಎ ಎಂಬ, ಮನಸ್ಸಿನ ಮೇಲೆ ಕೆಲಸ ಮಾಡುವ ಇನ್ನೊಂದು ಔಷಧದ ಚಿಕಿತ್ಸೆಗೆ ಒಪ್ಪಿಗೆ ಕೊಡಲು ನಿರಾಕರಿಸಿದಾಗಲೂ ಈ ಪ್ರಶ್ನೆ ಚರ್ಚೆಯಲ್ಲಿ ಮುಖ್ಯವಾಗಿತ್ತು. ಅದರ ಜೊತೆ ಇನ್ನೊಂದು ಗಂಭೀರ ವಿಷಯವೂ ಬಂತು. ಹಿಂದಿನ ಒಂದು ಪರೀಕ್ಷೆಯಲ್ಲಿ ಚಿಕಿತ್ಸಕರೇ ರೋಗಿಯ ಜೊತೆ ತೀರಾ ತಪ್ಪಾಗಿ ನಡೆದುಕೊಂಡಿದ್ದರು. ಎಂಟು ಗಂಟೆ ಮನಸ್ಸು ಪೂರ್ತಿ ತೆರೆದುಕೊಂಡಿರುವ ಮನುಷ್ಯನ ಪಕ್ಕ ಕೂರುವವರಿಗೆ ಇರುವ ಅಧಿಕಾರ ಸಣ್ಣದಲ್ಲ. ಆದರೆ ಆಸ್ಟ್ರೇಲಿಯಾ 2023ರ ಜುಲೈನಿಂದ ಅನುಮತಿ ಪಡೆದ ಮನೋವೈದ್ಯರಿಗೆ ಎಂಡಿಎಂಎ ಮತ್ತು ಸೈಲೋಸಿಬಿನ್ ಬರೆದುಕೊಡಲು ಬಿಟ್ಟಿದೆ, ಅದೂ ಕೆಲವೇ ಕಾಯಿಲೆಗಳಿಗೆ.

ನಮ್ಮ ದೇಶದಲ್ಲಿ ಎಲ್‌ಎಸ್‌ಡಿ, ಸೈಲೋಸಿಬಿನ್, ಎಂಡಿಎಂಎ ಮೂರೂ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆ ಕೆಳಗೆ ಬರುತ್ತವೆ. ಇಟ್ಟುಕೊಂಡರೂ ಅಪರಾಧ. ಎಲ್‌ಎಸ್‌ಡಿ ವಿಷಯದಲ್ಲಿ ಒಂದು ಗ್ರಾಮಿನ ಹತ್ತನೇ ಒಂದು ಭಾಗವನ್ನೇ ವಾಣಿಜ್ಯ ಪ್ರಮಾಣ ಅಂತ ಹಿಡಿಯುತ್ತಾರೆ. ಹಾಗಾಗಿ ಕುಡಿತ ಬಿಡಿಸುತ್ತೇವೆ ಅಂತ ಯಾರಾದರೂ ಇವನ್ನು ಕೊಡಲು ಬಂದರೆ ಅದು ಚಿಕಿತ್ಸೆ ಅಲ್ಲ. ಮನೆಯಲ್ಲಿ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇದ್ದವರಿಗಂತೂ ಇವು ನಿಜಕ್ಕೂ ಅಪಾಯ, ಈಗಿನ ಪರೀಕ್ಷೆಗಳಲ್ಲಿ ಅಂಥವರನ್ನು ಸೇರಿಸಿಕೊಳ್ಳುವುದೇ ಇಲ್ಲ.

ಇದನ್ನು ಓದುತ್ತಿರುವವರ ಮನೆಯಲ್ಲಿ ಬಹಳ ವರ್ಷದಿಂದ ದಿನಾ ಕುಡಿಯುವವರು ಇದ್ದರೆ ಒಂದು ಮಾತು. ಬಿಡಿಸಬೇಕು ಅಂತ ಒಮ್ಮೆಲೇ ಕೋಣೆಗೆ ಹಾಕಿ ಬಾಗಿಲು ಹಾಕಬೇಡಿ. ನಿಲ್ಲಿಸಿದ ಎರಡು ಮೂರು ದಿನದಲ್ಲಿ ಫಿಟ್ಸ್, ಭ್ರಮೆ ಶುರುವಾಗಿ ಜೀವಕ್ಕೇ ಕುತ್ತು ಬರಬಹುದು. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಔಷಧ ಕೊಟ್ಟು ಸುರಕ್ಷಿತವಾಗಿ ಇಳಿಸುತ್ತಾರೆ, ಆಮೇಲೆ ಮತ್ತೆ ಕುಡಿಯದಂತೆ ನೆರವಾಗುವ ಮಾತ್ರೆಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.